ಪಂಪು ಓಡುವಾಗ ಬತ್ತುವ, ನಿಂತಾಗ ತುಂಬಿ ಹರಿಯುವ ಬಕೆಟ್ಟು: ದೋಷ ಫ್ಲೋಟ್ ವಾಲ್ವಿನದೋ, ಪೈಪಿನದೋ?

ಪ್ರಶ್ನೆ: ತಾರಸಿ ತೋಟ, ಮೈಸೂರು

ನಮಸ್ಕಾರ. ತಾರಸಿಯ ಮೇಲೆ ಆರು ಬಕೆಟ್ಟುಗಳ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಪೋಷಕ ಬೆರೆಸಿದ ನೀರಿನಲ್ಲಿ ಬೆಳೆಸುವ) ವ್ಯವಸ್ಥೆಯೊಂದನ್ನು ಜೋಡಿಸಿಕೊಂಡು ಲೆಟ್ಯೂಸ್ ಬೆಳೆಯುತ್ತಿದ್ದೇನೆ. ಬಕೆಟ್ಟುಗಳು 20 ಲೀಟರಿನವು, ಒಳವ್ಯಾಸ ಸುಮಾರು 28 ಸೆಂ.ಮೀ. ಅವುಗಳನ್ನು ಸಾಲಾಗಿ ಇಟ್ಟು, ತಳದ ಸಮೀಪದಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪು ಮತ್ತು ಟ್ಯಾಂಕ್ ನಿಪ್ಪಲ್‌ಗಳಿಂದ ಒಂದಕ್ಕೊಂದು ಸೇರಿಸಿದ್ದೇನೆ. ಮೊದಲನೆಯ ಬಕೆಟ್ಟಿನಲ್ಲಿ ಗಿಡವಿಲ್ಲ. ಪಂಪು, ಮಟ್ಟ ಇಳಿದಾಗ ತಾನೇ ತೆರೆದು ಹೊಸ ನೀರು ಬಿಡುವ ಫ್ಲೋಟ್ ವಾಲ್ವ್ ಮತ್ತು ಹೆಚ್ಚಾದ ನೀರು ಹೊರಹೋಗುವ ಪೈಪು ಮೂರೂ ಅದರಲ್ಲಿವೆ. ಹೊರಹೋಗುವ ಪೈಪಿನ ಬಾಯಿ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳುವ ಮಟ್ಟಕ್ಕಿಂತ 2 ಸೆಂ.ಮೀ. ಮೇಲಿದೆ. ಪಂಪು ಪೋಷಕ ದ್ರಾವಣವನ್ನು ಎತ್ತಿ ಆರನೆಯ ಬಕೆಟ್ಟಿಗೆ ಸುರಿಯುತ್ತದೆ. ಅಲ್ಲಿಂದ ಅದು ಐದು ಜೋಡಣೆಗಳನ್ನು ದಾಟಿ ಮೊದಲನೆಯದಕ್ಕೆ ಮರಳುತ್ತದೆ.

ತೊಂದರೆ ಏನೆಂದರೆ, ಪಂಪು ಓಡುತ್ತಿರುವಷ್ಟು ಹೊತ್ತು ಆರನೆಯ ಬಕೆಟ್ಟಿನಲ್ಲಿ ನೀರು ನೆಟ್ ಪಾಟಿನ (ಗಿಡ ಕೂರಿಸಿದ ಜಾಲರಿ ಕುಂಡದ) ತಳವನ್ನು ಮುಳುಗಿಸುತ್ತದೆ, ಮೊದಲನೆಯದರಲ್ಲಿ ತೀರಾ ಕೆಳಗಿಳಿಯುತ್ತದೆ. ವಿದ್ಯುತ್ ಹೋದ ಕೂಡಲೇ ಮೊದಲನೆಯ ಬಕೆಟ್ಟಿನ ಮಟ್ಟ ಏರತೊಡಗಿ, ಹೊರಹೋಗುವ ಪೈಪಿನಿಂದ ದ್ರಾವಣ ತಾರಸಿಗೆ ಸುರಿಯುತ್ತದೆ. ವಿದ್ಯುತ್ ಬಂದ ಮೇಲೆ ಫ್ಲೋಟ್ ವಾಲ್ವ್ ತೆರೆದುಕೊಂಡು ಹೊಸ ನೀರನ್ನು ತುಂಬಿಸುತ್ತದೆ. ಹೀಗೆ ಎರಡು ಬಾರಿ ವಿದ್ಯುತ್ ಹೋದ ದಿನ ಬೆಳಿಗ್ಗೆ 1.6 ಇದ್ದ ಇಸಿ (ಕರಗಿದ ಲವಣ ಎಷ್ಟಿದೆಯೆಂದು ತೋರಿಸುವ ವಿದ್ಯುತ್ ವಾಹಕತೆ) ಸಂಜೆಗೆ 1.2ಕ್ಕೆ ಇಳಿದಿರುತ್ತದೆ. ಫ್ಲೋಟ್ ವಾಲ್ವನ್ನು ಬದಲಾಯಿಸಿದರೂ ವ್ಯತ್ಯಾಸವಾಗಿಲ್ಲ. ಆರನೆಯ ಬಕೆಟ್ಟಿನ ಗಿಡದ ಮೇಲ್ಬೇರುಗಳು ಕಂದು ಬಣ್ಣಕ್ಕೆ ತಿರುಗುತ್ತಿರುವುದರಿಂದ ಬೇಗನೆ ಸರಿಪಡಿಸಬೇಕಾಗಿದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ: ಹಸಿರು ಅಂಗಳ, ಶಿವಮೊಗ್ಗ

ಮೊದಲು ಒಂದು ಸಂಗತಿಯನ್ನು ಪರೀಕ್ಷಿಸಿ. ಪಂಪಿನಿಂದ ಹೊರಟ ಪೈಪಿನ ತುದಿ ಆರನೆಯ ಬಕೆಟ್ಟಿನ ನೀರಿನೊಳಗೆ ಮುಳುಗಿದೆಯೇ? ಮುಳುಗಿದ್ದರೆ ಪಂಪು ನಿಂತ ಕ್ಷಣದಿಂದ ನೀರು ಅದೇ ಪೈಪಿನಲ್ಲಿ ಹಿಮ್ಮುಖವಾಗಿ, ಸೈಫನ್ ಆಗಿ ಮೊದಲನೆಯ ಬಕೆಟ್ಟಿಗೆ ಇಳಿಯುತ್ತದೆ. ಪೈಪಿನ ತುದಿಯನ್ನು ನೀರಿನಿಂದ ಮೇಲಕ್ಕೆ ಎತ್ತಿ ಕಟ್ಟಿದರೆ, ಇಲ್ಲವೇ ನೀರಿನ ಮಟ್ಟಕ್ಕಿಂತ ಮೇಲೆ ಪೈಪಿನಲ್ಲಿ ಒಂದು ಸಣ್ಣ ತೂತು ಕೊರೆದರೆ, ಗಾಳಿ ಒಳಸೇರಿ ಸೈಫನ್ ಕಡಿದುಹೋಗುತ್ತದೆ. ಇದಕ್ಕಾಗಿ ಒಮ್ಮುಖ ವಾಲ್ವ್ ಹಾಕುವವರೂ ಇದ್ದಾರೆ. ಆದರೆ ಬೇರಿನ ಚೂರು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ನನಗೆ ತೂತಿನ ಮೇಲೆಯೇ ಹೆಚ್ಚು ನಂಬಿಕೆ.

ಹಾಗೆಯೇ ತಾರಸಿಗೆ ಮಳೆನೀರು ಹರಿದುಹೋಗಲೆಂದು ಇಳಿಜಾರು ಕೊಟ್ಟಿರುತ್ತಾರೆ. ಬಕೆಟ್ಟುಗಳು ಒಂದೇ ಸಮದಲ್ಲಿ ಕುಳಿತಿವೆಯೇ ಎಂಬುದನ್ನು ರಸಮಟ್ಟವಿಟ್ಟು ನೋಡಿ.

ತಾರಸಿ ತೋಟ, ಮೈಸೂರು

ಪೈಪಿನ ತುದಿ ನೀರಿನಿಂದ ಮೇಲೆಯೇ ಇದೆ, ಆದ್ದರಿಂದ ಸೈಫನ್ ಅಲ್ಲ. ಇಟ್ಟಿಗೆ ಮತ್ತು ಹಲಗೆಯ ಚೂರುಗಳನ್ನು ಕೊಟ್ಟು ಬಕೆಟ್ಟುಗಳನ್ನು ಸಮಮಾಡಿಯೇ ಇಟ್ಟಿದ್ದೇನೆ. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಟ್ಯೂಬನ್ನು ತಂದು ಅಳೆದಾಗ, ಪಂಪು ಓಡುವಾಗ ಆರನೆಯ ಬಕೆಟ್ಟಿನ ನೀರು ಮೊದಲನೆಯದಕ್ಕಿಂತ 11 ಸೆಂ.ಮೀ. ಮೇಲಿತ್ತು. ನಡುವಿನ ನಾಲ್ಕರಲ್ಲಿ ಮಟ್ಟ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗಿದೆ. ಪಂಪು ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಆರೂ ಒಂದೇ ಮಟ್ಟಕ್ಕೆ ಬಂದವು. ಪಂಪಿನ ನೀರನ್ನು ಬೇರೆ ಪಾತ್ರೆಗೆ ಹಿಡಿದು ನೋಡಿದರೆ ಒಂದು ನಿಮಿಷಕ್ಕೆ 10 ಲೀಟರ್ ಬರುತ್ತಿದೆ.

ಉತ್ತರ: ನೀರಿನ ಲೆಕ್ಕ, ಧಾರವಾಡ

ನೀವು ಕೊಟ್ಟಿರುವ ಅಳತೆಗಳಿಂದ ಕಾರಣ ಸ್ಪಷ್ಟವಾಗುತ್ತದೆ. ಪಂಪು ನಿಂತಾಗ ಮಟ್ಟಗಳು ಸಮನಾಗುತ್ತವೆ ಎಂದರೆ ಪೈಪು ಎಲ್ಲಿಯೂ ಕಟ್ಟಿಲ್ಲ, ಬಕೆಟ್ಟುಗಳನ್ನೂ ನೀವು ಸಮಮಾಡಿಯೇ ಇಟ್ಟಿದ್ದೀರಿ. ಓಡುವಾಗ ಮಾತ್ರ ಮೆಟ್ಟಿಲಾಗುತ್ತವೆ ಎಂದರೆ ಹರಿವಿನ ಪ್ರಮಾಣಕ್ಕೆ ಪೈಪು ಕಿರಿದಾಗಿದೆ. ಫ್ಲೋಟ್ ವಾಲ್ವ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಆದರೆ ಅದು ನೋಡುತ್ತಿರುವ ಮಟ್ಟ ನಿಮ್ಮ ವ್ಯವಸ್ಥೆಯಲ್ಲಿರುವ ನೀರಿನ ನಿಜವಾದ ಮಟ್ಟವಲ್ಲ.

ಲೆಕ್ಕ ಹೀಗಿದೆ. ನಿಮಿಷಕ್ಕೆ 10 ಲೀಟರ್ ನೀರು 20 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಹೋಗಬೇಕಾದರೆ ಅದರ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಆಗುತ್ತದೆ. ಬಕೆಟ್ಟಿನಲ್ಲಿ ನಿಂತಂತಿರುವ ನೀರಿಗೆ ಆ ವೇಗ ಕೊಡಲು, ಮುಂದಿನ ಬಕೆಟ್ಟಿನಲ್ಲಿ ಆ ವೇಗವನ್ನು ಕಳೆದುಕೊಳ್ಳಲು, ಪೈಪಿನ ಬಾಯಿಯ ಅಂಚನ್ನು ದಾಟಲು ಒಟ್ಟಾರೆ 2 ಸೆಂ.ಮೀ.ಗಿಂತ ತುಸು ಹೆಚ್ಚಿನ ಮಟ್ಟದ ವ್ಯತ್ಯಾಸ ಬೇಕು. ಇಂಥ ಐದು ಜೋಡಣೆಗಳಿಗೆ ಹತ್ತು-ಹನ್ನೊಂದು ಸೆಂ.ಮೀ. ಆಯಿತು, ನಿಮ್ಮ ಟ್ಯೂಬು ತೋರಿಸಿದ್ದೂ ಅದನ್ನೇ.

ಈಗ ಚೆಲ್ಲಿಹೋಗುವ ದ್ರಾವಣದ ವಿಷಯ. ಓಡುವಾಗ ಮೊದಲನೆಯ ಬಕೆಟ್ಟಿಗೆ ಹೋಲಿಸಿದರೆ ಆರೂ ಬಕೆಟ್ಟುಗಳ ಸರಾಸರಿ ಮಟ್ಟ ಸುಮಾರು ಐದೂವರೆ ಸೆಂ.ಮೀ. ಮೇಲಿರುತ್ತದೆ. ಪಂಪು ನಿಂತಾಗ ಎಲ್ಲವೂ ಆ ಸರಾಸರಿಗೆ ಬಂದು ಸೇರಲು ಹವಣಿಸುತ್ತವೆ, ಆದರೆ ನಿಮ್ಮ ಹೊರಹೋಗುವ ಪೈಪು 2 ಸೆಂ.ಮೀ.ಗೇ ಬಾಯಿ ತೆರೆದಿದೆ. ಉಳಿದ ಮೂರೂವರೆ ಸೆಂ.ಮೀ. ನೀರು ಆರೂ ಬಕೆಟ್ಟುಗಳಿಂದ ಹೊರಬರುತ್ತದೆ. ನಿಮ್ಮ ಬಕೆಟ್ಟಿನಲ್ಲಿ ಒಂದು ಸೆಂ.ಮೀ. ಎತ್ತರಕ್ಕೆ ಸುಮಾರು 0.6 ಲೀಟರ್ ಹಿಡಿಯುತ್ತದೆಯಾದ್ದರಿಂದ ಪ್ರತಿ ಬಾರಿ ವಿದ್ಯುತ್ ಹೋದಾಗಲೂ 12 ಲೀಟರಿಗೂ ಹೆಚ್ಚು ದ್ರಾವಣ ನಷ್ಟವಾಗುತ್ತದೆ. ಮತ್ತೆ ಪಂಪು ಶುರುವಾದಾಗ ಮೊದಲನೆಯ ಬಕೆಟ್ಟು ಅಷ್ಟೇ ಕೆಳಗಿಳಿದು, ಫ್ಲೋಟ್ ವಾಲ್ವ್ ಅಷ್ಟೇ ಸಾದಾ ನೀರನ್ನು ತುಂಬಿಸುತ್ತದೆ. ಒಟ್ಟು 70 ಲೀಟರ್ ದ್ರಾವಣವಿದೆ ಎಂದು ಹಿಡಿದರೆ ಎರಡು ಬಾರಿಗೆ 1.6ರ ಇಸಿ 1.1-1.2ರ ಆಸುಪಾಸಿಗೆ ಬರಲೇಬೇಕು. ಎಲ್ಲಿಯೂ ಸೋರಿಕೆಯನ್ನು ಹುಡುಕುವ ಅಗತ್ಯವಿಲ್ಲ.

ಶಾಶ್ವತ ಪರಿಹಾರವೆಂದರೆ ಎರಡು ಇಂಚಿನ ಪೈಪು. ಅದೇ ಹರಿವಿಗೆ ಐದೂ ಜೋಡಣೆಗಳು ಸೇರಿ ಅರ್ಧ ಸೆಂ.ಮೀ. ವ್ಯತ್ಯಾಸವೂ ಆಗುವುದಿಲ್ಲ, ಬೇರುಗಳು ಒಳನುಗ್ಗಿದರೂ ನೀರಿಗೆ ಜಾಗ ಉಳಿಯುತ್ತದೆ. ಆದರೆ ಗಿಡಗಳಿರುವಾಗ ಆರೂ ಬಕೆಟ್ಟುಗಳಿಗೆ ದೊಡ್ಡ ತೂತು ಕೊರೆಯುವುದು ಕಷ್ಟ. ಈ ಬೆಳೆ ಮುಗಿಯುವವರೆಗೆ ಒಂದು ಸುಲಭದ ದಾರಿಯಿದೆ: ಆರನೆಯ ಬಕೆಟ್ಟನ್ನು ಮುಕ್ಕಾಲು ಇಂಚಿನದೇ ಇನ್ನೊಂದು ಪೈಪಿನಿಂದ ನೇರವಾಗಿ ಮೊದಲನೆಯದಕ್ಕೆ ಸೇರಿಸಿ ಸಾಲನ್ನು ಬಳೆಯಂತೆ ಮುಚ್ಚಿಬಿಡಿ, ಇದಕ್ಕಾಗಿ ಬಕೆಟ್ಟುಗಳನ್ನು ಮೂರು ಮೂರರ ಎರಡು ಸಾಲಾಗಿ ಜೋಡಿಸಿಕೊಂಡರೆ ಹೊಸ ಪೈಪು ಗಿಡ್ಡದಾಗಿಯೇ ಸಾಕಾಗುತ್ತದೆ. ಪಂಪಿನ ನೀರನ್ನು ಆರನೆಯದಕ್ಕಲ್ಲ, ನಾಲ್ಕನೆಯದಕ್ಕೆ ಬಿಡಿ. ಆಗ ನೀರು ಎರಡು ಕಡೆಗೆ ಅರ್ಧರ್ಧವಾಗಿ ಹಂಚಿಕೊಂಡು, ಒಂದೊಂದು ಕಡೆ ಮೂರೇ ಜೋಡಣೆಗಳನ್ನು ದಾಟುತ್ತದೆ. ಹರಿವು ಅರ್ಧವಾದರೆ ಮಟ್ಟದ ವ್ಯತ್ಯಾಸ ಕಾಲುಭಾಗಕ್ಕೆ ಇಳಿಯುವುದರಿಂದ, ಹನ್ನೊಂದರ ಬದಲು ಸುಮಾರು 1.6 ಸೆಂ.ಮೀ. ಉಳಿಯಬೇಕು.

ಹಸಿರು ಅಂಗಳ, ಶಿವಮೊಗ್ಗ

ಲೆಕ್ಕ ಒಪ್ಪುವಂತಿದೆ. ಆದರೆ ಹರಿವು ಅರ್ಧವಾದರೆ ವ್ಯತ್ಯಾಸ ಕಾಲುಭಾಗ ಎಂದ ಮೇಲೆ, ಪಂಪಿನ ಪೈಪಿಗೆ ಒಂದು ಬಾಲ್ ವಾಲ್ವ್ ಹಾಕಿ ನಿಮಿಷಕ್ಕೆ 5 ಲೀಟರಿಗೆ ಇಳಿಸಿದರೆ ಸಾಲದೇ? 70 ಲೀಟರ್ ದ್ರಾವಣ ಗಂಟೆಗೆ ನಾಲ್ಕು ಬಾರಿ ಸುತ್ತಿದಂತಾಗುತ್ತದೆ. ಹೊಸ ಪೈಪಿನ ತೊಂದರೆಯೇ ಇರುವುದಿಲ್ಲ.

ನೀರಿನ ಲೆಕ್ಕ, ಧಾರವಾಡ

ಇವತ್ತೇ ಮಾಡಬಹುದಾದ ಉಪಾಯ ಅದು, ಖಂಡಿತವಾಗಿ ಮಾಡಿ. ವ್ಯತ್ಯಾಸ 3 ಸೆಂ.ಮೀ.ಗಿಂತ ಕಡಿಮೆಯಾಗಿ ಚೆಲ್ಲುವುದೂ ನಿಲ್ಲುತ್ತದೆ. ಆದರೆ ಅದನ್ನೇ ಕೊನೆಯ ಪರಿಹಾರವೆಂದು ನಾನು ಒಪ್ಪಲಾರೆ. ಲೆಟ್ಯೂಸಿನ ಬೇರುಗಳು ಬೆಳೆದು ಪೈಪಿನ ಬಾಯಿಗೆ ಬಂದು ಕೂತಾಗ ಅದೇ 5 ಲೀಟರ್ ಹರಿವಿಗೆ ಮತ್ತೆ ಮೆಟ್ಟಿಲುಗಳು ಏಳುತ್ತವೆ. ಬೇಸಿಗೆಯ ಮಾತು ಬೇರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಬೇರಿಗೆ ಉಸಿರು ಹೆಚ್ಚು ಬೇಕಾದ ಹೊತ್ತಿನಲ್ಲೇ ಸುರಿಯುವ ನೀರನ್ನು ಕಡಿಮೆ ಮಾಡಿದಂತಾಗುತ್ತದೆ. ಪ್ರತಿ ಬಕೆಟ್ಟಿನಲ್ಲೂ ಏರ್ ಸ್ಟೋನ್ ಗುಳ್ಳೆ ಎಬ್ಬಿಸುತ್ತಿದ್ದರೆ ಹರಿವನ್ನು ಇಳಿಸಲು ಭಯವಿಲ್ಲ.

ಕಂದಾದ ಮೇಲ್ಬೇರುಗಳ ಬಗ್ಗೆಯೂ ಹೇಳಬೇಕು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರ್ಯಾಟ್ಕಿಯವರು ಪಂಪಿಲ್ಲದೆ ಬೆಳೆಸುವ ಪದ್ಧತಿಯೊಂದನ್ನು ರೂಪಿಸಿದ್ದಾರೆ. ಅದರಲ್ಲಿ ಗಿಡ ಕುಡಿದಂತೆಲ್ಲ ನೀರು ಇಳಿಯುತ್ತ ಹೋಗಿ, ಖಾಲಿಯಾದ ತೇವದ ಜಾಗದಲ್ಲಿರುವ ಬೇರುಗಳು ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತವೆ. ಹಾಗೆ ಗಾಳಿಗೆ ಒಗ್ಗಿದ ಬೇರುಗಳನ್ನು ಮತ್ತೆ ನೀರಿನಲ್ಲಿ ಮುಳುಗಿಸಿದರೆ ಗಿಡ ಸೊರಗುತ್ತದೆ. ನಿಮ್ಮ ಆರನೆಯ ಬಕೆಟ್ಟಿನಲ್ಲಿ ಆಗುತ್ತಿರುವುದು ಇದೇ: ವಿದ್ಯುತ್ ಹೋದಾಗ ನೀರು ಇಳಿದು ಮೇಲ್ಬೇರುಗಳು ಗಾಳಿಗೆ ಬರುತ್ತವೆ, ಬಂದಾಗ ಮತ್ತೆ ಮುಳುಗುತ್ತವೆ. ನೀರು ಸ್ವಲ್ಪ ಕಡಿಮೆ ಇರುವುದಕ್ಕಿಂತ ಹೀಗೆ ಏರಿಳಿಯುವುದೇ ಅವುಗಳಿಗೆ ಹೆಚ್ಚು ಹಾನಿಕರ. ಬೇರುಗಳು ಉದ್ದವಾದ ಮೇಲೆ ನೆಟ್ ಪಾಟಿನ ತಳಕ್ಕೂ ನೀರಿಗೂ ನಡುವೆ ಮೂರು-ನಾಲ್ಕು ಸೆಂ.ಮೀ. ಅಂತರ ಬಿಟ್ಟು, ಆ ಅಂತರವನ್ನು ಬದಲಾಗದಂತೆ ಕಾಯ್ದುಕೊಳ್ಳಿ. ಕಂದಾದ ಬೇರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಹೊರಸಿಪ್ಪೆ ಕಳಚಿ ಒಳಗಿನ ಎಳೆ ಮಾತ್ರ ಉಳಿದರೆ, ಕೆಟ್ಟ ವಾಸನೆಯೂ ಬಂದರೆ, ಅದು ಕೊಳೆರೋಗ. ಆಗ ಆ ಗಿಡವನ್ನು ಕೂಡಲೇ ತೆಗೆದುಬಿಡಬೇಕು, ಏಕೆಂದರೆ ನೀರು ಎಲ್ಲ ಬಕೆಟ್ಟುಗಳಿಗೂ ಒಂದೇ.

ತಾರಸಿ ತೋಟ, ಮೈಸೂರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಬೇರು ಎಳೆದರೂ ಸಿಪ್ಪೆ ಕಳಚಲಿಲ್ಲ, ವಾಸನೆಯೂ ಇಲ್ಲ. ಬಾಲ್ ವಾಲ್ವಿನಿಂದ ಹರಿವು ಇಳಿಸಿದ ದಿನವೇ ಚೆಲ್ಲುವುದು ನಿಂತಿತು. ನಂತರ ಬಕೆಟ್ಟುಗಳನ್ನು ಎರಡು ಸಾಲು ಮಾಡಿ, ಸುತ್ತನ್ನು ಮುಚ್ಚಿ, ಪಂಪಿನ ನೀರನ್ನು ನಾಲ್ಕನೆಯದಕ್ಕೆ ಬಿಟ್ಟು ವಾಲ್ವನ್ನು ಪೂರ್ತಿ ತೆರೆದಿದ್ದೇನೆ. ಟ್ಯೂಬಿನಲ್ಲಿ ಈಗ ವ್ಯತ್ಯಾಸ 2 ಸೆಂ.ಮೀ.ಗಿಂತ ಕಡಿಮೆ. ಸ್ವಿಚ್ ಆರಿಸಿ ನೋಡಿದಾಗ ಮೊದಲನೆಯ ಬಕೆಟ್ಟಿನ ನೀರು ಒಂದು ಸೆಂ.ಮೀ.ಯಷ್ಟು ಮಾತ್ರ ಏರಿ, ಹೊರಹೋಗುವ ಪೈಪಿನ ಬಾಯಿಗಿಂತ ಕೆಳಗೇ ನಿಂತಿತು.

ಇನ್ನೊಂದು ಸಂದೇಹ. ಫ್ಲೋಟ್ ವಾಲ್ವಿಗೆ ನೀರು ಬರುವುದು ಮನೆಯ ತೊಟ್ಟಿಯಿಂದ. ಕೆಲವು ದಿನ ನದಿಯ ನೀರು, ಕೆಲವು ದಿನ ಬೋರ್‌ವೆಲ್ ನೀರು. ಇದನ್ನು ಹೀಗೆಯೇ ಬಿಡಬಹುದೇ?

ನೀರಿನ ಲೆಕ್ಕ, ಧಾರವಾಡ

ಬಿಡಬೇಡಿ. ಫ್ಲೋಟ್ ವಾಲ್ವನ್ನು ಮನೆಯ ತೊಟ್ಟಿಗೆ ನೇರವಾಗಿ ಸೇರಿಸಿದರೆ, ಅದು ಒಮ್ಮೆ ಸಿಕ್ಕಿಕೊಂಡರೂ ತೊಟ್ಟಿಯಲ್ಲಿರುವಷ್ಟೂ ನೀರು ನಿಮ್ಮ ದ್ರಾವಣದ ಮೂಲಕ ಹರಿದುಹೋಗುತ್ತದೆ. ಅದರ ಬದಲು ಎತ್ತರದಲ್ಲಿ 20 ಲೀಟರಿನ ಒಂದು ಮುಚ್ಚಿದ ಕ್ಯಾನ್ ಇಟ್ಟು, ಅದರಿಂದ ಮಾತ್ರ ವಾಲ್ವಿಗೆ ನೀರು ಕೊಡಿ. ಏನೇ ಕೆಟ್ಟರೂ ನಷ್ಟ 20 ಲೀಟರಿಗೆ ನಿಲ್ಲುತ್ತದೆ. ಜೊತೆಗೆ ದಿನಕ್ಕೆ ಗಿಡಗಳು ಎಷ್ಟು ನೀರು ಕುಡಿದವು ಎಂಬುದು ಕ್ಯಾನಿನ ಮೇಲಿನ ಗೆರೆಗಳಿಂದ ತಿಳಿಯುತ್ತದೆ.

ಕ್ಯಾನಿಗೆ ಏನು ತುಂಬಬೇಕೆಂಬುದನ್ನು ಇಸಿ ಹೇಳುತ್ತದೆ. ಕ್ಯಾನ್ ಖಾಲಿಯಾಗುತ್ತ ಹೋದರೂ ದ್ರಾವಣದ ಇಸಿ ಏರುತ್ತಿದ್ದರೆ ಗಿಡಗಳಿಗೆ ಪೋಷಕಾಂಶ ಸಾಕಷ್ಟಿದೆ, ಸಾದಾ ನೀರು ಸಾಕು. ಇಸಿ ಇಳಿಯುತ್ತಿದ್ದರೆ ಕ್ಯಾನಿನ ನೀರಿಗೇ ತೆಳುವಾಗಿ ಪೋಷಕ ಬೆರೆಸಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಹೆಚ್ಚಿರುವುದರಿಂದ ಪಿಎಚ್ ಮೇಲೇರುತ್ತದೆ. ಗಿಡ ಬಳಸದ ಲವಣಗಳು ಸುತ್ತುವ ನೀರಿನಲ್ಲೇ ಉಳಿದು ಕೂಡುತ್ತ ಹೋಗಿ, ಇಸಿ ಮೀಟರು ಅವನ್ನೂ ಪೋಷಕಾಂಶವೆಂದೇ ಎಣಿಸಿ ತೋರಿಸುತ್ತದೆ. ಆದ್ದರಿಂದ ಕ್ಯಾನಿಗೆ ನದಿಯ ನೀರನ್ನೋ, ಛಾವಣಿಯಿಂದ ಹಿಡಿದು ಸೋಸಿದ ಮಳೆನೀರನ್ನೋ ಮೀಸಲಿಡಿ. ಬೋರ್‌ವೆಲ್ ನೀರನ್ನೇ ಬಳಸಬೇಕಾಗಿ ಬಂದ ವಾರಗಳಲ್ಲಿ ದ್ರಾವಣವನ್ನು ಎಂದಿಗಿಂತ ಬೇಗ ಪೂರ್ತಿ ಬದಲಾಯಿಸಿ, ಹಳೆಯದನ್ನು ನೆಲದಲ್ಲಿರುವ ಗಿಡಗಳಿಗೆ ನೀರು ಬೆರೆಸಿ ಹಾಕಿ.