ಕ್ರೆಡಿಟ್ ಅಂದ್ರೆ ಬಂದದ್ದೋ, ಕೊಡಬೇಕಾದ್ದೋ?

ಪ್ರಶ್ನೆ (ಮಂಡ್ಯ, ಗುತ್ತಲು ರಸ್ತೆ)
ಹಾರ್ಡ್‌ವೇರ್ ಅಂಗಡಿ ಲೆಕ್ಕ ಟ್ಯಾಲಿಗೆ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಹಾಕ್ತಿದ್ದೀನಿ. ಖಾತೆಗೆ ದುಡ್ಡು ಬಿದ್ರೆ ಬ್ಯಾಂಕ್ ಮೆಸೇಜಲ್ಲಿ ‘ಕ್ರೆಡಿಟ್’ ಅಂತ ಬರುತ್ತೆ, ಟ್ಯಾಲಿಲಿ ಅದನ್ನೇ ಡೆಬಿಟ್ ಮಾಡ್ಬೇಕಂತೆ. ಮೈಸೂರಿನ ಹೋಲ್‌ಸೇಲ್‌ನವರು ವಾಪಸ್ ಹೋದ ಮಾಲಿಗೆ 2,360 ರೂಪಾಯಿ ಕ್ರೆಡಿಟ್ ನೋಟ್ ಕೊಟ್ಟವ್ರೆ. ಅದು ಆದಾಯವಾ?

ಉತ್ತರ 1
ಯಾರ ಪುಸ್ತಕ ಅಂತ ಮೊದಲು ನೋಡಿ ಸಾರ್. ನೀವು ಕಟ್ಟಿದ ದುಡ್ಡು ಬ್ಯಾಂಕಿಗೆ ಸಾಲ, ನಿಮಗೆ ವಾಪಸ್ ಕೊಡಬೇಕಾದ್ದು. ಅದಕ್ಕೆ ಅವರ ಪುಸ್ತಕದಲ್ಲಿ ಕ್ರೆಡಿಟ್. ನಿಮಗೆ ಅದೇ ದುಡ್ಡು ಆಸ್ತಿ, ಹಾಗಾಗಿ ಡೆಬಿಟ್. ಕ್ರೆಡಿಟ್ ನೋಟ್ ಹೆಸರೂ ಹೋಲ್‌ಸೇಲ್‌ನವರ ಪುಸ್ತಕದ್ದೇ. ಅವರು ನಿಮ್ಮ ಖಾತೆಗೆ ಕ್ರೆಡಿಟ್ ಹಾಕಿ ನಿಮ್ಮ ಬಾಕಿ ಇಳಿಸಿದ್ದಾರೆ. ಆದಾಯ ಅಲ್ಲವೇ ಅಲ್ಲ. ಶೇ. 18 ತೆರಿಗೆಯ ಮಾಲಾದ್ರೆ ಟ್ಯಾಲಿಯ ಡೆಬಿಟ್ ನೋಟ್ ವೋಚರ್‌ನಲ್ಲಿ ಹೀಗೆ ಹಾಕಿ: ಹೋಲ್‌ಸೇಲ್‌ನವರ ಖಾತೆಗೆ ಡೆಬಿಟ್ 2,360, ಖರೀದಿ ವಾಪಸಿಗೆ ಕ್ರೆಡಿಟ್ 2,000, ಇನ್‌ಪುಟ್ ತೆರಿಗೆಗೆ (ಖರೀದಿ ಮೇಲೆ ಬಿದ್ದ ಜಿಎಸ್‌ಟಿ) ಕ್ರೆಡಿಟ್ 360. ಕೇಂದ್ರದ ಸಿಜಿಎಸ್‌ಟಿ 180, ರಾಜ್ಯದ ಎಸ್‌ಜಿಎಸ್‌ಟಿ 180 ಅಂತ ಬೇರೆ ಬೇರೆ ಬರೀರಿ.

ಉತ್ತರ 2
ಆ 360 ಮರೆತ್ರೆ ತೊಂದರೆ. ಬಿಲ್ ಬಂದಾಗ ಅದನ್ನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ನೀವು ಕಟ್ಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋ ಮೊತ್ತ) ಅಂತ ತಗೊಂಡಿರ್ತೀರಿ. ಮಾಲು ವಾಪಸಾದ ಮೇಲೆ ಬಿಟ್ಟುಕೊಡಲೇಬೇಕು. ಹೆಸರು ಕ್ರೆಡಿಟ್, ತಗೊಂಡಾಗ ನಿಮ್ಮ ಪುಸ್ತಕದಲ್ಲಿ ಕೂರೋದು ಡೆಬಿಟ್ ಕಡೆ, ಬಿಟ್ಟುಕೊಡೋವಾಗ ಮಾತ್ರ ಕ್ರೆಡಿಟ್! ಎಲ್ಲರೂ ಎಡವೋದು ಇಲ್ಲೇ. ನೋಟಿನಲ್ಲಿ ತೆರಿಗೆ ಕಾಣಿಸಿದೆಯಾ ನೋಡಿ, ಜಿಎಸ್‌ಟಿಆರ್-2ಬಿ (ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗೋ ನಿಮ್ಮ ಇನ್‌ಪುಟ್ ಕ್ರೆಡಿಟ್ ಪಟ್ಟಿ) ಜೊತೆ ತಾಳೆ ಹಾಕಿ. ಬಿಲ್ಲಿನ ಹಣಕಾಸು ವರ್ಷ ಮುಗಿದ ಮೇಲೆ ನವೆಂಬರ್ 30 ದಾಟಿದ್ರೆ ಅಥವಾ ಅಷ್ಟರೊಳಗೇ ವಾರ್ಷಿಕ ರಿಟರ್ನ್ ಹಾಕಿಬಿಟ್ಟಿದ್ರೆ, ಮಾರಿದವರು ಆ ನೋಟಿನ ಮೇಲೆ ತಮ್ಮ ತೆರಿಗೆ ಇಳಿಸಿಕೊಳ್ಳೋಕೆ ಆಗಲ್ಲ.

ಪ್ರಶ್ನೆ ಕೇಳಿದವರು
ಬಿಲ್ಲಿನ ಕೆಳಗೆ ‘ಕ್ರೆಡಿಟ್ 30 ದಿನ’ ಅಂತಾನೂ ಇದೆಯಲ್ಲ?

ಉತ್ತರ 1
ಅದು ಬರೀ ಸಾಲದ ವಾಯಿದೆ. ನಾವು ‘ಕಡ ಕೊಡೋದು’ ಅಂತೀವಲ್ಲ, ಅದೇ. ಟ್ಯಾಲಿಲಿ ಅವರ ಲೆಡ್ಜರ್ (ಖಾತೆ) ಮಾಡುವಾಗ ‘ಬಿಲ್‌ವಾರು ಬಾಕಿ’ ಆನ್ ಮಾಡಿ 30 ಅಂತ ಹಾಕಿದ್ರೆ ಯಾವ ಬಿಲ್ ವಾಯಿದೆ ಮೀರಿದೆ ಅಂತ ಗೊತ್ತಾಗುತ್ತೆ. ಎಷ್ಟೇ ಸಲಿಗೆ ಇದ್ರೂ ಬಿಲ್ ದಿನಾಂಕದಿಂದ 180 ದಿನ ದಾಟಿಸ್ಬೇಡಿ. ದುಡ್ಡು ಕೊಡದಷ್ಟು ಮಾಲಿನ ಇನ್‌ಪುಟ್ ಕ್ರೆಡಿಟ್ ಬಡ್ಡಿಸಮೇತ ವಾಪಸ್ ಕಟ್ಬೇಕಾಗುತ್ತೆ. ಆಮೇಲೆ ಬಾಕಿ ತೀರಿಸಿದ್ರೆ ಕ್ರೆಡಿಟ್ ಮತ್ತೆ ತಗೋಬಹುದು, ಬಡ್ಡಿ ಮಾತ್ರ ಹೋದದ್ದು ಹೋಯ್ತು.