ಸ್ಯಾನ್ ಮಾರ್ಕೊ ಅಂದ್ರ ಯಾವ ಊರಿಂದ್ರಿ? ಇಟಲಿ ಸಂತರ ಹೆಸರಿನ ಗೊಂದಲ

ಕೆಲಗೇರಿ_ಹುಡುಗಿ:
ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದಾಗ ಚಿತ್ರಕಲಾ ಓದಾಕತ್ತೀನಿ, ಈ ಸೆಮಿಸ್ಟರ್ ಯುರೋಪಿನ ಕಲಾ ಇತಿಹಾಸ ಐತಿ, ನೋಟ್ಸ್ ತಗದ್ರ ಬರೇ ಸಂತರ ಹೆಸರ. ಸ್ಯಾನ್ ಮಾರ್ಕೊ ಅಂತ ಒಂದ್ ಪಾಠದಾಗ ವೆನಿಸ್ ಅಂತೈತಿ, ಇನ್ನೊಂದ್ರಾಗ ಫ್ಲಾರೆನ್ಸ್, ಮತ್ತ ಸಂಗೀತಗಾರ ವರ್ದಿ ಬರದ ರಿಕ್ವಿಯಂ (ತೀರಿಕೊಂಡವರ ಸಲುವಾಗಿ ಹಾಡೂ ಪ್ರಾರ್ಥನಾ ಸಂಗೀತ) ಮೊದಲು ಹಾಡಿದ್ದು ಮಿಲಾನಿನ ಸ್ಯಾನ್ ಮಾರ್ಕೊದಾಗ ಅಂತ ಎಲ್ಲೋ ಓದಿದೆ. ಇದು ಒಂದ ಚರ್ಚೋ ಮೂರೋ? ಸ್ಯಾನ್, ಸಾಂತೊ, ಸಾಂತಾ ಅಂತ ಬ್ಯಾರೆ ಬ್ಯಾರೆ ಯಾಕ? ಪೇಂಟಿಂಗ್ ನೋಡಿದ್ರ ಎಲ್ಲಾರಿಗೂ ಗಡ್ಡ, ತಲಿ ಹಿಂದ ಬಂಗಾರದ ಚಕ್ರ, ಯಾರ್ ಯಾರು ಅಂತ ಹೆಂಗ ಗುರ್ತಾ ಹಿಡಿಯೂದ್ರಿ?

ಹಳೇಹುಬ್ಳಿ_ಮಾವ:
ತಂಗಿ, ಮೂರೂ ಬ್ಯಾರೇನ. ಹನಮಪ್ಪನ ಗುಡಿಗೆ ಹೊಂಟೀನಿ ಅಂದ್ರ ಯಾವ ಹನಮಪ್ಪ, ನುಗ್ಗಿಕೇರಿದೇನು ಅಂತ ಕೇಳ್ತಾರಲ್ಲ, ಅಲ್ಲೂ ಹಂಗ, ಊರು ಹೇಳಲಿಲ್ಲಂದ್ರ ಹೆಸರಿಗೆ ಅರ್ಧಾನ ಅರ್ಥ. ವೆನಿಸಿಂದು ಬೆಸಿಲಿಕಾ ಅಂದ್ರ ದೊಡ್ಡ ಚರ್ಚು, 828ರಾಗ ವ್ಯಾಪಾರಸ್ಥರು ಅಲೆಕ್ಸಾಂಡ್ರಿಯಾದಿಂದ ಸಂತ ಮಾರ್ಕನ ಅವಶೇಷ ಕದ್ದು ತಂದ್ರು ಅಂತ ಅವರ ಕಥಿ, ಅವಾಗಿಂದ ಆ ಊರಿಗೆ ಅವನ ದೈವ. ಫ್ಲಾರೆನ್ಸಿಂದು ಡೊಮಿನಿಕನ್ ಪಂಥದ ಸನ್ಯಾಸಿಗಳ ಮಠ ಆಗಿತ್ತು, ಚಿತ್ರಕಾರ ಸನ್ಯಾಸಿ ಫ್ರಾ ಆಂಜೆಲಿಕೊ ಒಂದೊಂದು ಕೋಣಿ ಗ್ವಾಡಿ ಮ್ಯಾಲೂ ಚಿತ್ರ ಬರದಾನ. ವರ್ದಿಂದು ಮಿಲಾನಿಂದು, 1874ರ ಮೇ 22, ಯಾರ ನೆನಪಿಗೆ ಬರದಿದ್ನೋ ಆ ಸಾಹಿತಿ ಮಂಜೋನಿ ತೀರಿಕೊಂಡು ಅವತ್ತಿಗೆ ಸರಿಯಾಗಿ ಒಂದ್ ವರ್ಷ.
ಸ್ಯಾನ್-ಸಾಂತೊಕ್ಕ ತಲಿ ಕೆಡಿಸ್ಕೋಬ್ಯಾಡ. ಹೆಣ್ಣಾದ್ರ ಸಾಂತಾ, ಗಂಡಾದ್ರ ಸ್ಯಾನ್, ಹೆಸರು ಸ್ವರದಿಂದ ಸುರು ಆದ್ರ ಅಂಬ್ರೋಜೊ ಸಾಂತಂಬ್ರೋಜೊ ಆದಂಗ ಕೂಡ್ತದ, ಸ್ತೆಫಾನೊದಂಗ ಮೊದಲಿನ ಸಕಾರಕ್ಕ ಒತ್ತು ಬಿದ್ರ ಸಾಂತೊ. ಅಷ್ಟ.

ಗದಗಿನ_ಗಾಳಿ:
ಗುರ್ತಾ ಹಿಡಿಯಾಕ ಮುಖ ನೋಡಬ್ಯಾಡ್ರಿ, ಕೈಯಾಗ ಏನ್ ಹಿಡದಾರ ನೋಡ್ರಿ. ಪಿಯೆತ್ರೊ (ಪೀಟರ್) ಕೈಯಾಗ ಕೀಲಿಕೈ, ಪಾವ್ಲೊಗ (ಪಾಲ್) ಕತ್ತಿ, ಲೊರೆಂಜೊ ಬಾಜೂಕ ಕಬ್ಬಿಣದ ಜಾಳಿಗಿ ಯಾಕಂದ್ರ ಅವನ್ನ ಅದರ ಮ್ಯಾಲ ಸುಟ್ರು ಅಂತಾರ, ಸಾಂತಾ ಲುಚೀಯಾ ತಟ್ಟಿಯಾಗ ತನ್ನ ಎರಡು ಕಣ್ಣ ಇಟ್ಕೊಂಡ್ ನಿಂತಿರ್ತಾಳ. ಬಾರ್ತೊಲೊಮೆಯೊ ತನ್ನ ಚರ್ಮಾನ ಕೈಯಾಗ ಹಿಡದಾನ, ಸಿಸ್ಟೀನ್ ಚಾಪೆಲಿನಾಗ ಆ ಚರ್ಮದ ಮ್ಯಾಲಿನ ಮುಖ ಮೈಕೆಲೆಂಜೆಲೊ ತನ್ನದ ಬರಕೊಂಡಾನ ಅಂತ ಭಾಳ ಮಂದಿ ಹೇಳ್ತಾರ.
ನಂಗ ಎಲ್ಲಾದ್ರಕಿಂತ ಹಿಡಿಸಿದ್ದು ಸಾಂತಾ ಚೆಚಿಲಿಯಾ, ಸಂಗೀತದ ಸಂತಳು. ಬೊಲೊನ್ಯಾದಾಗಿರೂ ರಾಫೇಲನ ಚಿತ್ರ ಝೂಮ್ ಮಾಡಿ ನೋಡ್ರಿ, ಅಕಿ ಕೈಯಾಗಿನ ಸಣ್ಣ ಆರ್ಗನ್ನಿನ ಕೊಳವಿ ಜಾರಿ ಬೀಳಾಕತ್ತಾವು, ಕಾಲ ಬುಡಕ ಮುರದ ವಾದ್ಯಗಳು, ಅಕಿ ಲಕ್ಷ್ಯ ಎಲ್ಲಾ ಮ್ಯಾಲ ಹಾಡೂ ದೇವದೂತರ ಕಡೆ. ರೋಮಿನ ತ್ರಾಸ್ತೆವೆರೆದಾಗ ಅಕಿ ಹೆಸರಿನ ಚರ್ಚಿನಾಗ ಸ್ತೆಫಾನೊ ಮದೆರ್ನೊ 1600ರ ಸುಮಾರಿಗೆ ಕಡದ ಮೂರ್ತಿ ಐತಿ, ಅದು ಪೂರಾ ಬ್ಯಾರೆ, ಹುಡುಗಿ ಮಗ್ಗಲಾಗಿ ಮಲಗ್ಯಾಳ, ತಲಿಗೆ ಬಟ್ಟಿ ಸುತ್ತೇತಿ, ಮುಖ ಕಾಣಂಗಿಲ್ಲ, ಕುತ್ತಿಗಿ ಮ್ಯಾಲಿನ ಗಾಯ ಅಷ್ಟ ಕಾಣ್ತೈತಿ. ರಾಫೇಲಗಿಂತ ಇದ ಛಲೋ ಅಂತೀನಿ, ಬೈದ್ರೂ ಅಡ್ಡಿಯಿಲ್ಲ.

ತಾನಪುರಾ_ತಂತಿ:
ಬೈಯೂದಿಲ್ರಿ, ಆದ್ರ ಸಂಗೀತ ಅಂತ ಬಂದ ಮ್ಯಾಲ ಸಂತ ಜಾನನ್ನ ಹೆಂಗ ಬಿಟ್ರಿ? ಪಾಶ್ಚಾತ್ಯ ಸಂಗೀತದ ಸ್ವರ ದೊ ರೆ ಮಿ ಹುಟ್ಟಿದ್ದ ಅವನ ಸ್ತೋತ್ರದಿಂದ. 11ನೇ ಶತಮಾನದಾಗ ಗ್ವೀದೊ ದರೆತ್ಸೊ ಅನ್ನೂ ಸನ್ಯಾಸಿ, ಪಾಠ ಮಾಡೂವಾಗ, ಸಾಲಿಗೊಂದು ಸ್ವರ ಏರಿಕೋತ ಹೋಗೂ ಆ ಲ್ಯಾಟಿನ್ ಸ್ತೋತ್ರದ ಸಾಲುಗಳ ಮೊದಲ ಅಕ್ಷರ ತಗೊಂಡು ಉತ್ ರೆ ಮಿ ಫಾ ಸೊಲ್ ಲಾ ಅಂತ ಹೆಸರಿಟ್ಟ, ಸಿ ಆಮ್ಯಾಲೆ ಸೇರ್ತು, ಉತ್ ಹೋಗಿ ದೊ ಆತು. ಸರಿಗಮ ಕಲಿಯೂ ನಮ್ಮಂಥವರಿಗೆ ಇದು ಮಜಾ ಅನಸ್ತದ.
ನಾಟಕಗೃಹಕ್ಕೂ ಸಂತರ ಹೆಸರ ಅದಾವ. ನೇಪಲ್ಸಿನ ಸ್ಯಾನ್ ಕಾರ್ಲೊ 1737ರ ನವೆಂಬರ್ 4ಕ್ಕ ತಗದ್ರು, ಅವತ್ತ ಸಂತ ಕಾರ್ಲೊನ ದಿನಾ, ರಾಜನ ಹೆಸರೂ ಕಾರ್ಲೊ, ಭಕ್ತಿ ಎಷ್ಟೋ ಹೊಗಳಿಕಿ ಎಷ್ಟೋ! ಮಿಲಾನಿನ ಲಾ ಸ್ಕಾಲಾ ಕಟ್ಟಿದ್ದು ಸಾಂತಾ ಮರಿಯಾ ಅಲ್ಲಾ ಸ್ಕಾಲಾ ಅನ್ನೂ ಚರ್ಚ್ ಕೆಡವಿದ ಜಾಗಾದಾಗ, ಈಗ ಅಲ್ಲಿ ಒಪೆರಾ (ಸಂಗೀತ ನಾಟಕ) ಸೀಸನ್ ಸುರು ಆಗೂದು ಊರ ಸಂತ ಅಂಬ್ರೋಜೊನ ದಿನ, ಡಿಸೆಂಬರ್ 7.

ಕೆಲಗೇರಿ_ಹುಡುಗಿ:
ಥ್ಯಾಂಕ್ಸ್ರಿ ಎಲ್ಲಾರಿಗೂ! ಇನ್ನೊಂದ ಉಳದೈತಿ, ಸಿಂಹ ಇದ್ರ ಮಾರ್ಕೊ ಅಂತ ಬರದೀನಿ, ಜಿರೋಲಮೊ (ಸಂತ ಜೆರೋಮ್) ಬಾಜೂಕೂ ಸಿಂಹ ಕಂಡೇತಿ?

ಗದಗಿನ_ಗಾಳಿ:
ರೆಕ್ಕಿ ಇದ್ರ ಮಾರ್ಕೊ. ರೆಕ್ಕಿ ಇಲ್ದ ಸಿಂಹ ಸುಮ್ನ ಬಿದ್ಕೊಂಡಿದ್ದು, ಮುದುಕನ ಸುತ್ತ ಪುಸ್ತಕ, ಬಾಜೂಕ ಕೆಂಪ ಟೊಪ್ಪಿಗಿ ಇದ್ರ ಜಿರೋಲಮೊ. ಅಂತೋನಿಯೊನೂ ಇಬ್ರು ಅದಾರ, ಹಂದಿ, ಗಂಟಿ ಇದ್ರ ಈಜಿಪ್ಟಿನ ತಪಸ್ವಿ, ಲಿಲಿ ಹೂ, ಕೂಸು ಇದ್ರ ಪಡುವಾದವ. ಪಡುವಾದವಂದು ಹುಟ್ಟೂರು ಲಿಸ್ಬನ್, ಖರೇ ಹೇಳಬೇಕಂದ್ರ ಇಟಲಿಯವನ ಅಲ್ಲ, ವೈವಾದಾಗ ಕೇಳಿಯಾರು.