ಹಂಚಿನ ಮಾಡಿಗೆ ಮಳೆನೀರಿನ ಡ್ರಮ್ಮು: ಮಾಡಿದವರು ಅನುಭವ ಹೇಳಿ

ಕುಲಶೇಖರದಿಂದ (ಕೇಳುತ್ತಿರುವವರು):
ನಮ್ಮದು ಹಳೇ ಹಂಚಿನ ಮನೆ. ಬಾವಿ ಇಲ್ಲ, ಮಂಗಳೂರು ಪಾಲಿಕೆಯ ನೀರೇ ಗತಿ. ಮುಂದಿನ ಮಾಡು ಸುಮಾರು 300 ಚದರಡಿ ಇದೆ. 200 ಲೀಟರಿನ ನೀಲಿ ಡ್ರಮ್ಮು ಒಂದು ತಂದಿಟ್ಟಿದ್ದೇನೆ. ಪತ್ತನಾಜೆಯ (ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ತುಳುವರ ದಿನ) ಒಳಗೆ ಕೂರಿಸಬೇಕು ಎಂದು ಆಸೆ. ಅಂಗಳ ಸ್ವಲ್ಪ ಇಳಿಜಾರು. ಡ್ರಮ್ಮು ಯಾವುದರ ಮೇಲೆ ಇಡಲಿ? ನಳ್ಳಿ ಎಷ್ಟು ಎತ್ತರಕ್ಕೆ ಹಾಕಲಿ?

ಪದವಿನಂಗಡಿಯಿಂದ:
ನಾನು ಮಾಡಿದ್ದು 2021ರಲ್ಲಿ. ಲೆಕ್ಕ ಇನ್ನೂ ಪುಸ್ತಕದಲ್ಲಿದೆ. ಡ್ರಮ್ಮು 1,100 ರೂಪಾಯಿ. ಮಾಡಿನಂಚಿನ ನೀರು ಹಿಡಿಯುವ ತಗಡಿನ ದಂಬೆ, ಕೊಂಡಿ ಸೇರಿ 2,650. ಪೈಪು, ಎಲ್ಬೋ, ಟೀ 840. ನಳ್ಳಿ, ನಿಪ್ಪಲ್, ವಾಷರ್ 310. ಇಷ್ಟರಲ್ಲಿ ಮುಗಿಯಬೇಕಿತ್ತು. ಮುಗಿಯಲಿಲ್ಲ.

ನಳ್ಳಿಗೆ ತೂತು ಹಾಕಲು ಕಬ್ಬಿಣದ ಸರಳು ಕಾಯಿಸಿ ಒತ್ತಿದೆ. ತೂತು ಮೊಟ್ಟೆಯ ಆಕಾರಕ್ಕೆ ಬಂತು. ವಾಷರ್ ಕೂರಲಿಲ್ಲ, ನೀರು ಜಿನುಗಿತು. ಎಂಸೀಲ್ ಮೆತ್ತಿದೆ. ಮರುದಿನ ಉಗುರಿನಲ್ಲಿ ಎಬ್ಬಿಸಿದರೆ ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು. ಈ ಡ್ರಮ್ಮಿನ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದೇ ಇಲ್ಲ. ಮೂರು ಸಲ ಮೆತ್ತಿ 270 ರೂಪಾಯಿ ಹೋಯಿತು. ಕೊನೆಗೆ ಆ ತೂತಿಗೆ ಬಿರಡೆ ಬಿಗಿದು, ಹೋಲ್ ಸಾ (ದುಂಡಗೆ ತೂತು ಕೊರೆಯುವ ಗರಗಸ) ತಂದು ಬೇರೆ ತೂತು ಕೊರೆದೆ. ಒಳಗೊಂದು, ಹೊರಗೊಂದು ರಬ್ಬರ್ ವಾಷರ್. ಅಂದಿನಿಂದ ಒಂದು ಹನಿ ಸೋರಿಲ್ಲ.

ಆಮೇಲೆ ಬಂತು ಜುಲೈ. ಮೂರು ಸಾಲು ಕೆಂಪುಕಲ್ಲು ಸುಮ್ನೆ ಮಣ್ಣಿನ ಮೇಲೆ ಪೇರಿಸಿ ಡ್ರಮ್ಮು ಇಟ್ಟಿದ್ದೆ. ತುಂಬಿದ ಡ್ರಮ್ಮು ಎಂದರೆ 200 ಕಿಲೋ ಮಾರಾಯ್ರೆ. ಹತ್ತು ದಿನ ಬಿಡದೆ ಹೊಯ್ದ ಮಳೆಗೆ ಮಣ್ಣು ಮೆತ್ತಗಾಗಿ ಒಂದು ಬದಿ ಕುಸಿಯಿತು. ರಾತ್ರಿ ಎರಡು ಗಂಟೆಗೆ ಧಡಾರ್ ಎಂದು ಸದ್ದು. ಟಾರ್ಚ್ ಹಿಡಿದು ಓಡಿದರೆ ನಳ್ಳಿ ಮುರಿದಿತ್ತು, ದಂಬೆ ಕಿತ್ತು ಬಂದಿತ್ತು, ಹದಿನಾರು ಹಂಚು ಒಡೆದಿತ್ತು. ಹಳೇ ಹಂಚಿನ ಸಾಲಿಗೆ ಹೊಸ ಹಂಚು ಸರಿಯಾಗಿ ಕೂರುವುದಿಲ್ಲ. ಅದೇ ಅಳತೆಯದ್ದು ಹುಡುಕಿ ನಾಲ್ಕು ಗುಜರಿ ಅಂಗಡಿ ತಿರುಗಿದೆ. ಆ ಒಂದು ರಾತ್ರಿಯ ಖರ್ಚು 3,900.

ಹಿರಿಯಡ್ಕದಿಂದ:
ಒಂದು ಡ್ರಮ್ಮಿಗೆ ಇಷ್ಟು ಮಂಡೆಬಿಸಿ ಯಾಕೆ? ಒಂದು ಚದರ ಮೀಟರ್ ಮಾಡಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 300 ಚದರಡಿ ಎಂದರೆ 28 ಚದರ ಮೀಟರ್. ಏಳೆಂಟು ಮಿಲಿಮೀಟರ್ ಮಳೆಗೆ ಡ್ರಮ್ಮು ತುಂಬಿತು. ನಮ್ಮಲ್ಲಿ ಒಂದೇ ದಿನಕ್ಕೆ 100 ಮಿಲಿಮೀಟರ್ ಬೀಳುವುದು ಹೊಸತಲ್ಲ. ಅಂದರೆ 2,800 ಲೀಟರ್. 200 ಹಿಡಿದು 2,600 ಚರಂಡಿಗೆ ಬಿಡುವುದು ಯಾವ ಕೊಯ್ಲು?

ನಾವು ಬಾವಿಗೆ ಬಿಟ್ಟೆವು. ನೆಲಜಲದ ಬಗ್ಗೆ ಬರೆಯುವ ಪತ್ರಕರ್ತ ಶ್ರೀಪಡ್ರೆಯವರು ಬರೆದದ್ದನ್ನು ಓದಿ ಅಪ್ಪನ ತಲೆಗೆ ಹೊಕ್ಕಿದ್ದು ಇದು. ಇಡೀ ಮಾಡಿನ ನೀರು ಒಂದು ಪೈಪಿಗೆ, ಅಲ್ಲಿಂದ ಸೋಸುವ ತೊಟ್ಟಿಗೆ. ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ, ಬಲೆ ಹಾಸಿ ಅದರ ಮೇಲೆ ಹೊಯಿಗೆ (ಮರಳು). ಒಟ್ಟು 14,300 ಆಯಿತು. ಮೊದಲ ವರ್ಷ ಹೊಯಿಗೆಯನ್ನು ತೊಳೆಯದೆ ಹಾಕಿಬಿಟ್ಟೆವು. ಬಾವಿ ನೀರು ಚಾ ಬಣ್ಣಕ್ಕೆ ತಿರುಗಿತು. ಎರಡು ವಾರ ಪಕ್ಕದ ಮನೆಯಿಂದ ಕೊಡ ಹೊತ್ತೆವು, ಅಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಆದರೆ 2019ರ ಮೇಯಲ್ಲಿ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದು ಅಲ್ಲಿಯವರು ಟ್ಯಾಂಕರ್ ಕಾಯುತ್ತಿದ್ದಾಗ ನಮ್ಮ ಬಾವಿಯಲ್ಲಿ ಐದಡಿ ನೀರಿತ್ತು. ಅದನ್ನು ಅಪ್ಪ ಕಣ್ಣಾರೆ ನೋಡಿ ಹೋದರು.

ಶಕ್ತಿನಗರದಿಂದ:
ಹಿರಿಯಡ್ಕದವರೇ, ನಿಮ್ಮ ಬಾವಿ ತಗ್ಗಿನಲ್ಲಿ ಇರಬೇಕು. ನಮ್ಮದು ಗುಡ್ಡದ ನೆತ್ತಿಯಲ್ಲಿ. ನಾನೂ 18,500 ಸುರಿದೆ. ಜುಲೈಯಲ್ಲಿ ಬಾವಿ ಹೇಗೂ ತುಂಬಿರುತ್ತದೆ. ತುಂಬಿದ ಬಾವಿಗೆ ಮತ್ತೆ ನೀರು ಬಿಟ್ಟು ಎಂತ ಸಿಗುತ್ತದೆ? ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಎಂದರೆ ಜರಡಿ. ನಾವು ಬಿಟ್ಟ ನೀರು ಇಳಿಜಾರು ಹಿಡಿದು ಕೆಳಗಿನ ಬೈಲಿಗೆ ಹೋಯಿತು. ಏಪ್ರಿಲಿನಲ್ಲಿ ನಮ್ಮ ಬಾವಿ ಎಂದಿನ ಹಾಗೇ ಒಣಗಿತು. ಕೆಳಗಿನ ಮನೆಯವರು ಈ ಸಲ ನೀರು ಜಾಸ್ತಿ ಇದೆ ಎಂದು ನನಗೇ ಹೇಳಿದರು. 18,500 ನನ್ನದು, ನೀರು ಅವರದ್ದು.

ಹಿರಿಯಡ್ಕದಿಂದ:
ನೆಲಕ್ಕೆ ಇಳಿದ ನೀರಿಗೆ ನಿಮ್ಮದು, ಅವರದ್ದು ಎಂದು ಉಂಟಾ? ಕೆಳಗಿನವರ ಬಾವಿಯಲ್ಲಿ ನೀರು ನಿಂತರೆ ಹೊಟ್ಟೆ ಉರಿಯುವುದು ಯಾಕೆ?

ಶಕ್ತಿನಗರದಿಂದ:
ಹೊಟ್ಟೆ ಉರಿ ಎನ್ನಬೇಡಿ. ಅದು ಹೆಂಡತಿಯ ಚೀಟಿ ಎತ್ತಿದ ಹಣ. ಮೇ ತಿಂಗಳಿಡೀ ಟ್ಯಾಂಕರಿಗೆ ಕೊಟ್ಟಿದ್ದು ನಾನು. ನೀವು ಬಂದು ಒಂದು ಕೊಡ ಎತ್ತಿಲ್ಲ.

ಬಿಜೈಯಿಂದ:
ನೀವೆಲ್ಲ ದುಡ್ಡಿನ ಲೆಕ್ಕ ಹೇಳುತ್ತಿದ್ದೀರಿ. ನನ್ನ ಲೆಕ್ಕ ಬೇರೆ. ನಾವು ಡ್ರಮ್ಮು ಇಟ್ಟ ವರ್ಷವೇ ಮಗಳಿಗೆ ಡೆಂಗಿ ಬಂತು. ಆರು ದಿನ ಆಸ್ಪತ್ರೆ. ಪ್ಲೇಟ್‌ಲೆಟ್ ಇಳಿಯುತ್ತಾ ಹೋಗಿ ಮೂರನೇ ರಾತ್ರಿ ನಾವಿಬ್ಬರೂ ಕಣ್ಣು ಮುಚ್ಚಿಲ್ಲ. ಮನೆಗೆ ಬಂದು ಮುಚ್ಚಳ ತೆಗೆದು ನೋಡಿದೆ. ನೀರಿನ ಮೇಲೆ ದಾರದ ತುಂಡಿನ ಹಾಗೆ ಹುಳಗಳು. ನೆರಳು ಬಿದ್ದ ಕೂಡಲೇ ಕೊಂಕಿ ಕೊಂಕಿ ತಳಕ್ಕೆ ಇಳಿದವು. ಮೇಲಿಗೆ ಬಲೆ ಕಟ್ಟಿದ್ದೆವು. ಆದರೆ ತುಂಬಿದ ನೀರು ಹೊರ ಹೋಗುವ ಪೈಪಿನ ಬಾಯಿ ತೆರೆದೇ ಇತ್ತು. ಸೊಳ್ಳೆಗೆ ಅಷ್ಟು ದಾರಿ ಸಾಕು.

ಮೊಟ್ಟೆ ಇಟ್ಟು ಏಳೆಂಟು, ಹತ್ತು ದಿನಕ್ಕೆ ಸೊಳ್ಳೆ ಹಾರುತ್ತದೆ. ನೀರು ಖಾಲಿ ಮಾಡಿದರೂ ಸಾಲದು. ಆ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿ ಬದುಕಿರುತ್ತದೆ, ಮತ್ತೆ ನೀರು ತಾಗಿದರೆ ಒಡೆಯುತ್ತದೆ. ತೆಂಗಿನ ನಾರು ಹಾಕಿ ಗೋಡೆ ತಿಕ್ಕಬೇಕು. ನಾನು ತಿಕ್ಕಲಿಲ್ಲ. ಗುಜರಿಯವನಿಗೆ 150 ರೂಪಾಯಿಗೆ ಕೊಟ್ಟುಬಿಟ್ಟೆ.

ಪದವಿನಂಗಡಿಯಿಂದ:
ಮಗಳು ಹುಷಾರಾದಳಲ್ಲ, ಸಂತೋಷ. ಆದರೆ ಡೆಂಗಿ ಸೊಳ್ಳೆ ನಿಮ್ಮ ಡ್ರಮ್ಮಿನದ್ದೇ ಎಂದು ಹೇಗೆ ಹೇಳುತ್ತೀರಿ? ಪಕ್ಕದಲ್ಲಿ ಫ್ಲಾಟ್ ಕಟ್ಟುತ್ತಿದ್ದರೆ ಅಲ್ಲಿ ನಿಂತ ನೀರು ಸಾವಿರ ಡ್ರಮ್ಮಿಗೆ ಸಮ.

ಬಿಜೈಯಿಂದ:
ಹುಳ ನನ್ನ ಡ್ರಮ್ಮಿನಲ್ಲಿ ಇತ್ತು. ನನ್ನ ಕಣ್ಣಿನಿಂದ ನೋಡಿದೆ. ಅಷ್ಟು ಸಾಕು ನನಗೆ. ನೀವು ಆಸ್ಪತ್ರೆಯ ಬೆಂಚಿನಲ್ಲಿ ಕೂತಿಲ್ಲ.

ಪದವಿನಂಗಡಿಯಿಂದ:
ತಪ್ಪಾಯಿತು, ಹಾಗೆ ಕೇಳಬಾರದಿತ್ತು. ಆದರೆ ಡ್ರಮ್ಮೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹಿರಿಯಡ್ಕದವರಿಗೂ ಇದೇ ಉತ್ತರ. ಮಳೆಗಾಲದಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಪಂಪು ಓಡುವುದಿಲ್ಲ, ಮೇಲಿನ ಟ್ಯಾಂಕಿ ಖಾಲಿ. ಹೊರಗೆ ಧೋ ಎಂದು ಮಳೆ, ಬಚ್ಚಲಿನಲ್ಲಿ ನೀರಿಲ್ಲ. ಆಗ ಪಾತ್ರೆ ತೊಳೆದಿದ್ದು, ಕಕ್ಕಸಿಗೆ ಸುರಿದಿದ್ದು, ಕೆಸರು ಕಾಲು ತೊಳೆದಿದ್ದು ಎಲ್ಲ ಡ್ರಮ್ಮಿನ ನೀರಿನಲ್ಲೇ. ಕರೆಂಟ್ ಬೇಡ, ನಳ್ಳಿ ತಿರುಗಿಸಿದರೆ ಆಯಿತು.

ಮಣಿಪಾಲದಿಂದ:
ಮೊದಲ ಮಳೆಯ ಕೊಳೆ ಬಿಡುವ ಪೈಪಿನ ಬಗ್ಗೆ ಯಾರೂ ಹೇಳಲಿಲ್ಲ. ಅದಿಲ್ಲದೆ ಡ್ರಮ್ಮು ಇಡುವುದು ಬರೀ ಗಲೀಜು. ನಾನು ನಾಲ್ಕು ಇಂಚಿನ ಪೈಪು ಆರಡಿ ಉದ್ದಕ್ಕೆ ಇಳಿಬಿಟ್ಟು ಅಡಿಗೆ ಮುಚ್ಚಳ ಹಾಕಿದ್ದೇನೆ. ಒಂದು ಮೀಟರಿಗೆ ಎಂಟು ಲೀಟರಿನ ಲೆಕ್ಕದಲ್ಲಿ ಸುಮಾರು 15 ಲೀಟರ್ ಕೊಳೆನೀರು ಅಲ್ಲೇ ನಿಲ್ಲುತ್ತದೆ. ಆಮೇಲೆ ಬಂದ ನೀರು ಡ್ರಮ್ಮಿಗೆ. ಕಾಗೆಯ ಹಿಕ್ಕೆ, ಹಲಸಿನ ಎಲೆ, ಮಾಡಿನ ಧೂಳು ಎಲ್ಲ ಪೈಪಿನಲ್ಲೇ.

ಸುರತ್ಕಲ್‌ನಿಂದ:
ಅದು ಪುಸ್ತಕದ ಮಾತು. ನಮ್ಮಲ್ಲೂ ಇತ್ತು ಆ ಪೈಪು. ಹಂಚಿನ ಪಾಚಿ ಮುದ್ದೆ ಮುದ್ದೆಯಾಗಿ ಬಂದು ಅಡಿಯ ಸಣ್ಣ ತೂತು ಕಟ್ಟಿತು. ಪೈಪು ಖಾಲಿ ಆಗಲೇ ಇಲ್ಲ. ಸೆಪ್ಟೆಂಬರಿನಲ್ಲಿ ಮುಚ್ಚಳ ತಿರುಗಿಸಿದೆ. ಕಪ್ಪು ನೀರು ಮೊಣಕೈವರೆಗೆ ಹಾರಿತು. ಸತ್ತ ಇಲಿಯ ವಾಸನೆ. ಜೂನ್ ಎರಡನೇ ವಾರದ ನಂತರ ಮಾಡು ತೊಳೆದೇ ಇರುತ್ತದೆ, ಆಮೇಲೆ ಅದು ಯಾಕೆ ಬೇಕು?

ಮಣಿಪಾಲದಿಂದ:
ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ತೊಳೆಯಬೇಕು. ನೀವು ನಾಲ್ಕು ತಿಂಗಳು ಮುಟ್ಟದೆ ಪೈಪನ್ನು ಬೈದರೆ ಹೇಗೆ?

ಸುರತ್ಕಲ್‌ನಿಂದ:
ಜುಲೈ ಮಳೆಯಲ್ಲಿ ಏಣಿ ಇಟ್ಟು ಜಾರುವ ಅಂಗಳದಲ್ಲಿ ನಿಲ್ಲಿ, ಆಮೇಲೆ ಹೇಳಿ. ನಿಮ್ಮದು ತಾರಸಿ ಮನೆ ಇರಬೇಕು.

ಮಣಿಪಾಲದಿಂದ:
ಹಂಚಿನ ಮನೆಯೇ. ಅಜ್ಜನ ಕಾಲದ್ದು. ಏಣಿ ಯಾಕೆ? ಮುಚ್ಚಳ ಇರುವುದು ನೆಲದಿಂದ ಎರಡಡಿಯಲ್ಲಿ. ನೀವು ಪೈಪು ಕಟ್ಟಿದ್ದೇ ತಪ್ಪು.

ಪೆರ್ಡೂರಿನಿಂದ:
ಜಗಳ ಆಮೇಲೆ ಆಡಿ. ಡ್ರಮ್ಮಿನಲ್ಲಿ ಮೊದಲು ಎಂತ ಇತ್ತು ಎಂದು ಯಾರಾದರೂ ಕೇಳಿದ್ದೀರಾ? ನಾನು ತೋಟಕ್ಕೆ ಹೊಡೆಯುವ ಬೋರ್ಡೋ ಔಷಧಿ ಬೆರೆಸುವ ಹಳೇ ಡ್ರಮ್ಮನ್ನು ತೊಳೆದು ಮಾಡಿನ ನೀರಿಗೆ ಇಟ್ಟೆ. ಸುಣ್ಣ, ಮೈಲುತುತ್ತಿನ ಕರೆ ಹೋಗಿದೆ ಎಂದುಕೊಂಡೆ. ಹೋಗಿರಲಿಲ್ಲ. ಕಣ್ಣಿಗೆ ಕಾಣದ ಪದರ ಉಳಿದಿತ್ತು. ಆ ನೀರಿನಲ್ಲಿ ಮಗ ಗಪ್ಪಿ ಮೀನು ಬಿಟ್ಟಿದ್ದ. ಬೆಳಗ್ಗೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅವನು ಶಾಲೆಗೆ ಹೋಗಲಿಲ್ಲ ಆ ದಿನ. ಗುಜರಿಯಲ್ಲಿ ಸಿಗುವ ಡ್ರಮ್ಮಿನಲ್ಲಿ ಆಸಿಡ್ ಇತ್ತೋ, ಔಷಧಿ ಇತ್ತೋ ಮಾರುವವನಿಗೂ ಗೊತ್ತಿರುವುದಿಲ್ಲ.

ಕುಲಶೇಖರದಿಂದ:
ಎಲ್ಲರಿಗೂ ಥ್ಯಾಂಕ್ಸ್. ಬಾವಿ ಇಲ್ಲ ಎಂದು ಮೊದಲೇ ಬರೆದಿದ್ದೆ. ಡ್ರಮ್ಮು ಹೋಟೆಲಿನವರಿಂದ ತಂದಿದ್ದು, ಎಣ್ಣೆಯದ್ದು. ಬಿಸಿನೀರು, ಸೋಪು ಹಾಕಿ ಎರಡು ಸಲ ತೊಳೆದೆ. ಇನ್ನೂ ಕೈಗೆ ಜಿಡ್ಡು ತಾಗುತ್ತದೆ. ಇಳಿಜಾರಿನ ವಿಷಯ ಮಾತ್ರ ಇನ್ನೂ ಗೊತ್ತಾಗಲಿಲ್ಲ.

ಪದವಿನಂಗಡಿಯಿಂದ:
ಜಿಡ್ಡಿಗೆ ಸೀಗೆಪುಡಿ ಹಾಕಿ ತಿಕ್ಕಿ. ಅಂಗಳವನ್ನು ಮೂರಡಿ ಚೌಕಕ್ಕೆ ಅರ್ಧ ಅಡಿ ಅಗೆದು ಜಲ್ಲಿ ತುಂಬಿ ಗುದ್ದಿ, ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿ ಸಮ ಮಾಡಿ. ಕಲ್ಲು ಅದರ ಮೇಲೆ, ಸಿಮೆಂಟ್ ಹಚ್ಚಿಯೇ ಕಟ್ಟಬೇಕು. ಎರಡು ಸಾಲು ಸಾಕು, ಬಾಲ್ದಿ ನಳ್ಳಿಯಡಿಗೆ ಹೋದರೆ ಆಯಿತು. ನಳ್ಳಿ ತಳದಿಂದ ನಾಲ್ಕು ಇಂಚು ಮೇಲೆ ಇರಲಿ, ಕೆಸರು ಅಡಿಯಲ್ಲೇ ನಿಲ್ಲುತ್ತದೆ. ಹೊರ ಹೋಗುವ ಪೈಪು ಒಳ ಬರುವ ಪೈಪಿನಷ್ಟೇ ದಪ್ಪ ಇರಬೇಕು, ಅರ್ಧ ಇಂಚಿನದ್ದು ನಮ್ಮ ಮಳೆಗೆ ಏನೂ ಅಲ್ಲ. ಅದರ ಬಾಯಿಗೆ ಬಲೆ ಕಟ್ಟಿ, ಬಿಜೈಯವರು ಹೇಳಿದ್ದು ಸರಿ. ಆ ನೀರು ಕಟ್ಟೆಯ ಬುಡಕ್ಕೆ ಬೀಳದ ಹಾಗೆ ಇಳಿಜಾರಿನ ಕೆಳಗೆ ಬಿಡಿ. ನನ್ನದು ಕುಸಿದಿದ್ದು ಅದರಿಂದಲೂ ಇರಬಹುದು ಎಂದು ಈಗ ಅನಿಸುತ್ತಿದೆ.

ಸರಳು ಮಾತ್ರ ಕಾಯಿಸಬೇಡಿ. ನನ್ನ ಹೋಲ್ ಸಾ ಮನೆಯಲ್ಲಿ ಸುಮ್ನೆ ಬಿದ್ದಿದೆ. ಭಾನುವಾರ ಬನ್ನಿ. ನಿಪ್ಪಲ್ ಕೈಯಲ್ಲಿ ಹಿಡಿದುಕೊಂಡು ಬನ್ನಿ, ಅಳತೆ ನೋಡಿಯೇ ಕೊಡುತ್ತೇನೆ.